ಹಿಂಬೆರಳಿಲ್ಲದ ಹಕ್ಕಿ

ಪಶುವೈದ್ಯರ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದರೆ ಹೆಚ್ಚಾಗಿ ಕೇಳುವುದು ಎರಡು ವಿಷಯ. ಯಾವ ಊರಿಗೆ ಪೋಸ್ಟಿಂಗ್ ಕೇಳಿದರೆ ಒಳ್ಳೆಯದು, ಕರು ಅಡ್ಡ ಸಿಕ್ಕಿಕೊಂಡರೆ ಎಂತ ಮಾಡುವುದು. ಎರಡನೆಯದಕ್ಕೆ ಪುಸ್ತಕದಲ್ಲಿ ಉತ್ತರ ಉಂಟು. ಮೊದಲನೆಯದಕ್ಕೆ ಎಲ್ಲಿಯೂ ಇಲ್ಲ. ನಾನು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಈ ಮೂರು ಕಡೆಯಲ್ಲೇ ಸರ್ವಿಸ್ ಮುಗಿಸಿದವಳು. ದನ, ಆಡು, ನಾಯಿ, ಹಂದಿ, ಕಂಬಳದ ಕೋಣ, ಕೋಳಿ ಎಲ್ಲವನ್ನೂ ಮುಟ್ಟಿದ್ದೇನೆ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ಹೇಳಹೊರಟಿರುವುದು ನಮಗೆ ಕಾಲೇಜಿನಲ್ಲಿ ಯಾರೂ ಪಾಠ ಮಾಡದ ಒಂದು ಹಕ್ಕಿಯ ಬಗ್ಗೆ. ಸರ್ವಿಸಿನ ಮೊದಲ ವರ್ಷ ಅದು ನನ್ನನ್ನು ಪೇಚಿಗೆ ಸಿಲುಕಿಸಿತು. ಕೊನೆಯ ವರ್ಷ ಅದರಿಂದಾಗಿ ಒಬ್ಬ ಮನುಷ್ಯ ಬದುಕಿ ಉಳಿದ.

ಬೆಳ್ತಂಗಡಿಯಲ್ಲಿ ನನ್ನ ಮೇಲಧಿಕಾರಿ ಕಿಣಿ ಸರ್. ನಿವೃತ್ತಿಗೆ ಹತ್ತಿರವಿದ್ದವರು. ಮಾತು ಕಡಿಮೆ, ಆಡಿದರೆ ಖಾರ. ನಾನು ಸೇರಿದ ವರ್ಷ ಅಕ್ಟೋಬರ್ ತಿಂಗಳಲ್ಲಿ ಗಾಳಿಮಳೆ ಜೋರಿತ್ತು. ಒಂದು ಸಂಜೆ ಬಸ್ ಕಂಡಕ್ಟರ್ ಒಬ್ಬ ಆಸ್ಪತ್ರೆಗೆ ಬಂದು ತನ್ನ ಚರ್ಮದ ಚೀಲ ಬಿಚ್ಚಿದ. ಒಳಗೆ ಚಿಲ್ಲರೆ ಕಾಸಿನ ಮೇಲೆ ಒಂದು ಹಕ್ಕಿ ಕುಳಿತಿತ್ತು.

"ಬಸ್ಸಿನ ಗ್ಲಾಸಿಗೆ ಬಡಿದು ಬಿತ್ತು ಮೇಡಮ್. ಡ್ರೈವರು ಬಿಸಾಡು ಅಂದ. ನನಗೆ ಮನಸ್ಸು ಬರಲಿಲ್ಲ."

ಪಾರಿವಾಳಕ್ಕಿಂತ ಸ್ವಲ್ಪ ಸಣ್ಣದು. ಕಂದು ಮೈ, ಬೆನ್ನಿನ ತುಂಬ ಅರಸಿನ ಚಿಮುಕಿಸಿದ ಹಾಗೆ ಹೊಂಬಣ್ಣದ ಚುಕ್ಕಿಗಳು. ಗಿಡ್ಡ ಕಪ್ಪು ಕೊಕ್ಕು, ಮುಖಕ್ಕೆ ಹೆಚ್ಚಾಯಿತು ಅನ್ನಿಸುವಷ್ಟು ದೊಡ್ಡ ಕಪ್ಪು ಕಣ್ಣು. ರೆಕ್ಕೆ ಮುರಿದಿರಲಿಲ್ಲ, ಪೆಟ್ಟಿಗೆ ತಲೆ ಸುತ್ತಿ ಕುಳಿತಿತ್ತು ಅಷ್ಟೇ. ಆದರೆ ಕಾಲು ನೋಡಿದರೆ ಹಿಂಬೆರಳೇ ಇಲ್ಲ. ಕೋಳಿಗೆ, ಕಾಗೆಗೆ, ಗುಬ್ಬಿಗೆ ಎಲ್ಲಕ್ಕೂ ಹಿಂದಕ್ಕೆ ಒಂದು ಬೆರಳಿರುತ್ತದಲ್ಲ, ಅದು ಇದಕ್ಕೆ ಇರಲಿಲ್ಲ. ಬಸ್ಸಿಗೆ ಸಿಕ್ಕಿ ತುಂಡಾಗಿದೆ ಎಂದು ನಾನು ತೀರ್ಮಾನ ಮಾಡಿದೆ. ಗಾಯ ಹುಡುಕಿದೆ, ಸಿಗಲಿಲ್ಲ. ಆದರೂ ಎರಡೂ ಕಾಲಿಗೆ ಅಯೋಡಿನ್ ಹಚ್ಚಿ ಬ್ಯಾಂಡೇಜ್ ಸುತ್ತಲು ಕೂತೆ.

ಕಿಣಿ ಸರ್ ಮನೆಗೆ ಹೊರಟವರು ಬಾಗಿಲಲ್ಲಿ ನಿಂತರು. ಕನ್ನಡಕ ಏರಿಸಿ ಹಕ್ಕಿಯ ಕಾಲು ನೋಡಿದರು.

"ಎರಡು ಕಾಲಿನಲ್ಲೂ ಒಂದೇ ಬೆರಳು, ಒಂದೇ ಅಳತೆಗೆ ತುಂಡಾಯಿತಾ? ನಮ್ಮ ಊರಿನ ಬಸ್ಸು ಅಷ್ಟು ಅಚ್ಚುಕಟ್ಟಾಗಿ ಬಡಿಯುತ್ತದಾ ಮಾರಾಯ್ತಿ?"

ಕಂಡಕ್ಟರ್ ನಕ್ಕ. ನಾನು ಬ್ಯಾಂಡೇಜ್ ಬಿಚ್ಚಿದೆ.

"ಮತ್ತೆ ಇದು ಯಾವ ಹಕ್ಕಿ ಸರ್?"

"ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೆ. ಆದರೆ ಬರುವ ವಾರವೂ ಅದನ್ನೇ ಹೇಳಿದರೆ ನಾನು ಕೇಳುವವನಲ್ಲ."

ಮಂಗಳೂರಿನಿಂದ ಚಿತ್ರಗಳಿರುವ ಒಂದು ಹಕ್ಕಿ ಪುಸ್ತಕ ತರಿಸಿ, ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಆ ಹಕ್ಕಿಯ ಮುಂದೆ ಕುಳಿತು ಪುಟ ತಿರುವಿದೆ. ಅದು ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ನೆಲ ನೋಡುವುದು, ಎರೆಹುಳ ಎತ್ತುವುದು, ಮತ್ತೆ ಓಡುವುದು. ಪುಸ್ತಕದಲ್ಲಿ ಅದರ ಹೆಸರು ಪೆಸಿಫಿಕ್ ಗೋಲ್ಡನ್ ಪ್ಲೋವರ್. ಕನ್ನಡದಲ್ಲಿ ನಾನು ಹೊನ್ನಗೊರವ ಎಂದೇ ಹೇಳುತ್ತಾ ಬಂದಿದ್ದೇನೆ. ಮರ ಹತ್ತುವ ಹಕ್ಕಿಯಲ್ಲ, ಹುಟ್ಟಿದಲ್ಲಿಂದ ಸಾಯುವವರೆಗೆ ನೆಲದ ಮೇಲೆ ಓಡಾಡುವಂಥದ್ದು. ಕೊಂಬೆ ಹಿಡಿಯಬೇಕಾಗಿಲ್ಲ, ಹಾಗಾಗಿ ಹಿಂಬೆರಳಿಲ್ಲ.

ಹುಟ್ಟಿದ ಊರು ಯಾವುದೆಂದು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಸೈಬೀರಿಯಾದ ಬಡಗಣ ತುದಿ, ಉತ್ತರ ಧ್ರುವದ ಹತ್ತಿರದ ಬಯಲು. ನಮಗೆ ಇಲ್ಲಿ ಜೂನ್ ತಿಂಗಳ ಮಳೆ ಹೊಯ್ಯುವಾಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆ ಗಿಡ್ಡ ಬೇಸಿಗೆಯಲ್ಲಿ ಪಾಚಿಯ ನಡುವೆ ಮೊಟ್ಟೆ ಇಟ್ಟು, ಮರಿ ಮಾಡಿ, ಚಳಿ ಬರುವ ಮೊದಲು ಹೊರಡುತ್ತವೆ. ಹಿರಿಯವು ಮೊದಲು ಹೊರಡುತ್ತವೆ. ಮರಿಗಳು ಉಳಿದು ಮೈ ತುಂಬಿಸಿಕೊಂಡು, ಕೆಲವು ವಾರ ಬಿಟ್ಟು, ದಾರಿ ತೋರಿಸುವವರಿಲ್ಲದೆ ಹೊರಡುತ್ತವೆ. ಬೆನ್ನಿನ ಹಳದಿ ಚುಕ್ಕಿ ನೋಡಿದರೆ ನನ್ನ ಮುಂದಿದ್ದದ್ದು ಆ ವರ್ಷದ ಮರಿ. ಹುಟ್ಟಿ ಕೆಲವೇ ತಿಂಗಳು.

ಕಿಣಿ ಸರ್‌ಗೆ ಇದನ್ನೆಲ್ಲ ಹೇಳಿದೆ. ಅವರು ಹಿಂದಿನ ಕೋಣೆಗೆ ಹೋಗಿ ಹಕ್ಕಿಯನ್ನು ಇನ್ನೊಮ್ಮೆ ನೋಡಿ ಬಂದರು. ಮತ್ತೆ ಹೇಳಿದರು: "ಹಿಮಾಲಯ ದಾಟಿ ಬಂದದ್ದಕ್ಕೆ ಇಲ್ಲಿ ಬಂದು ಬಸ್ಸು ಬಡಿಯಬೇಕಿತ್ತಾ?"

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಳೆ ಬಿಟ್ಟಾಗ ಅದನ್ನು ಗದ್ದೆಯ ಬದಿಗೆ ಒಯ್ದು ಬಿಟ್ಟೆವು. ಕಿಣಿ ಸರ್ ಕೂಡ ಬಂದರು. ಹಕ್ಕಿ ನಮ್ಮನ್ನು ತಿರುಗಿಯೂ ನೋಡದೆ ಹೋಯಿತು. ನಿಮ್ಮ ಕೆಲಸದಲ್ಲಿ ಗುಣವಾದ ರೋಗಿ ಹೆಚ್ಚಾಗಿ ಹೀಗೇ ಹೋಗುತ್ತದೆ. ಅಭ್ಯಾಸ ಮಾಡಿಕೊಳ್ಳಿ.

ಬಂಟ್ವಾಳದ ವರ್ಷಗಳೆಂದರೆ ನನಗೆ ನೆರೆಯ ವರ್ಷಗಳು. ನೇತ್ರಾವತಿ ಪೇಟೆಗೆ ಏರಿದರೆ ಮನುಷ್ಯರು ಮಾಳಿಗೆಗೆ ಹೋಗುತ್ತಾರೆ, ದನ ಎಲ್ಲಿಗೆ ಹೋಗಬೇಕು? ಅಕ್ಕಿ ಅಂಗಡಿಯ ಮೆಟ್ಟಿಲು ಹತ್ತಿಸಿ ಮಾಳಿಗೆಗೆ ಒಯ್ದ ಗಬ್ಬದ ದನ ಅಲ್ಲಿಯೇ ಕರು ಹಾಕಿದ್ದು, ನಾನು ದೋಣಿಯಲ್ಲಿ ಹೋಗಿ ಕಿಟಕಿಯಿಂದ ಒಳಗೆ ಹತ್ತಿದ್ದು ಅಲ್ಲಿಯೇ. ನೆರೆ ಇಳಿದ ಮೇಲಿನ ಕೆಲಸ ಇನ್ನೂ ಕಷ್ಟ. ಸತ್ತದ್ದನ್ನು ಹೂಳಿಸಬೇಕು, ಉಳಿದದ್ದಕ್ಕೆ ಚುಚ್ಚಬೇಕು. ಆ ಕೆಸರಿನಲ್ಲಿ ನಡೆದು ನಡೆದು ನನಗೆ ನೆಲ ನೋಡುವ ಅಭ್ಯಾಸ ಆಯಿತು.

ಅಲ್ಲಿ ಒಂದು ಏಪ್ರಿಲಿನಲ್ಲಿ ನದಿಯ ಮರಳದಿಬ್ಬದ ಹತ್ತಿರದ ಹುಲ್ಲಿನ ಮೇಲೆ ಹೊಸ ಹಕ್ಕಿ ಕಂಡೆ. ಮುಖದಿಂದ ಹೊಟ್ಟೆಯವರೆಗೆ ಇದ್ದಿಲಿನ ಕಪ್ಪು. ಹಣೆಯಿಂದ ಕುತ್ತಿಗೆಯ ಪಕ್ಕದಲ್ಲಿ ಇಳಿದು ಬಂದ ಬಿಳಿ ಅಂಚು, ಶಾಲು ಹೊದ್ದ ಹಾಗೆ. ಬೆನ್ನ ಮೇಲೆ ಚಿನ್ನದ ಹೊಳಪು. ನಮ್ಮ ಕಡೆ ಯಾರೂ ನೋಡದ ಹಕ್ಕಿ ನನಗೆ ಸಿಕ್ಕಿತೆಂದು ಖುಷಿಯಾಗಿ, ಆಗ ನಿವೃತ್ತರಾಗಿದ್ದ ಕಿಣಿ ಸರ್‌ಗೆ ಫೋನ್ ಮಾಡಿದೆ.

"ಕಾಲು ನೋಡಿದೆಯಾ?" ಎಂದು ಕೇಳಿದರು.

ನೋಡಿರಲಿಲ್ಲ. ಮರುದಿನ ಬೈನಾಕ್ಯುಲರ್ ಹಿಡಿದು ಬಿಸಿಲಿನಲ್ಲಿ ಕುಳಿತೆ. ಓಡಿತು, ನಿಂತಿತು, ಓಡಿತು. ಕಾಲೆತ್ತಿದಾಗ ನೋಡಿದೆ: ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಇಲ್ಲ. ಅದೇ ಹೊನ್ನಗೊರವ. ಚಳಿಗಾಲವಿಡೀ ಮಣ್ಣಿನ ಬಣ್ಣದಲ್ಲಿ ಇದ್ದದ್ದು, ಮರಿ ಮಾಡಲು ಊರಿಗೆ ಹೊರಡುವ ಮೊದಲು ಮದುವೆಯ ಉಡುಪು ಹಾಕಿಕೊಂಡಿತ್ತು. ಬಣ್ಣ ನೋಡಿ ಜಾತಿ ಹೇಳಬೇಡಿ, ಮೈ ನೋಡಿ ರೋಗ ಹೇಳಬೇಡಿ ಎಂದು ನಾನು ಆಮೇಲೆ ಬಂದ ಡಾಕ್ಟರುಗಳಿಗೆ ಹೇಳಿದ್ದು ಆ ಬಿಸಿಲಿನಲ್ಲಿ ಕಲಿತ ಪಾಠದಿಂದ.

ಅಲ್ಲಿಂದ ಪ್ರತಿ ವರ್ಷ ಅವುಗಳನ್ನು ಹುಡುಕತೊಡಗಿದೆ. ಡ್ಯೂಟಿಯ ದಾರಿಯಲ್ಲಿಯೇ ಸಿಗುತ್ತಿದ್ದವು. ಎಡರೆಕ್ಕೆಯಲ್ಲಿ ಒಂದು ಬಿಳಿ ಗರಿ ಇದ್ದ ಹಕ್ಕಿಯೊಂದು ಬಂಟ್ವಾಳದ ಹೊರಗಿನ ಒಂದೇ ಗದ್ದೆಗೆ, ಒಂದೇ ಬದುವಿನ, ನಮ್ಮ ಮಾತಿನಲ್ಲಿ ಕಟ್ಟಹುಣಿಯ, ಬುಡಕ್ಕೆ, ಮೂರು ಚಳಿಗಾಲ ಬಂತು. ಬೇರೆ ಗೊರವ ಆ ಗದ್ದೆಗೆ ಇಳಿದರೆ ತಲೆ ತಗ್ಗಿಸಿ ಓಡಿಸಿಕೊಂಡು ಹೋಗುತ್ತಿತ್ತು. ಅಷ್ಟು ದೂರದಿಂದ ಬಂದು ಇಷ್ಟು ಸಣ್ಣ ಜಾಗದ ಮೇಲೆ ಹಕ್ಕು ಸಾಧಿಸುವುದನ್ನು ನೋಡಿ ನನಗೆ ನಗೆಯೂ ಬರುತ್ತಿತ್ತು, ಗೌರವವೂ ಬರುತ್ತಿತ್ತು. ನಾಲ್ಕನೆಯ ವರ್ಷ ಬರಲಿಲ್ಲ.

ಕೆಲಸದ ರೀತಿ ಆ ಹೊತ್ತಿಗೆ ಬದಲಾಗಿತ್ತು. ಮೊದಲು ಸತ್ತ ಕೋಳಿಯ ಸ್ಯಾಂಪಲ್ ಕಳಿಸಿದರೆ ಉತ್ತರ ಬರುವಾಗ ಕೋಳಿಯ ಯಜಮಾನ ಆ ಕಸುಬನ್ನೇ ಬಿಟ್ಟಿರುತ್ತಿದ್ದ. ಈಗ ಐಸ್ ಪೆಟ್ಟಿಗೆ, ಕೊರಿಯರ್, ಮೊಬೈಲಿನಲ್ಲಿ ಫೋಟೋ. ಅನುಕೂಲ ಹೌದು. ಆದರೆ ಫೋಟೋ ನೋಡಿ ಔಷಧಿ ಹೇಳುವ ಚಟವೂ ಅದರ ಜೊತೆಗೇ ಬಂತು. ಫೋಟೋದಲ್ಲಿ ನೆಲ ಕಾಣುವುದಿಲ್ಲ. ಮುಂದಿನ ಪ್ರಸಂಗ ಓದಿದರೆ ನಾನು ಯಾಕೆ ಹೀಗೆ ಹೇಳುತ್ತೇನೆಂದು ನಿಮಗೆ ತಿಳಿದೀತು.

ಮೂಡುಬಿದಿರೆಯಲ್ಲಿ ಅದು ನನ್ನ ಕೊನೆಯ ಜನವರಿ. ಬೇರೆ ರಾಜ್ಯದಲ್ಲಿ ಹಕ್ಕಿಜ್ವರ ಬಂದ ಸುದ್ದಿ ಟಿ.ವಿ.ಯಲ್ಲಿ ದಿನವಿಡೀ ಓಡುತ್ತಿತ್ತು. ಒಂದು ಬೆಳಗ್ಗೆ ಮೋನಾಕನ ಫೋನ್ ಬಂತು. ಮೋನಾಕ ತೋಡಾರಿನ ಕೋಳಿ ಫಾರ್ಮಿನ ಯಜಮಾನರು. ಹರೆಯದಲ್ಲಿ ಗಲ್ಫಿಗೆ ಹೋಗಿ, ಹಿಂದೆ ಬಂದು, ಅಲ್ಲಿಯ ದುಡಿಮೆಯನ್ನೆಲ್ಲ ಆ ಫಾರ್ಮಿಗೆ ಸುರಿದವರು.

"ಡಾಕ್ಟ್ರಕ್ಕ, ಬೇಗ ಬನ್ನಿ. ಮಿಜಾರಿನ ಬೈಲಿನಲ್ಲಿ ಹಕ್ಕಿಗಳು ಸತ್ತು ಬಿದ್ದಿವೆ. ಜನ ಸೇರಿದ್ದಾರೆ."

ನಾನು ಹೋಗುವಾಗ ಬೈಲಿನ ಬದಿಯಲ್ಲಿ ಜಾತ್ರೆಯಷ್ಟು ಜನ. ಕೆಲವರ ಕೈಯಲ್ಲಿ ಪಟಾಕಿ, ಒಬ್ಬರ ಕೈಯಲ್ಲಿ ಕೋವಿ. ಭತ್ತ ಕೊಯ್ದ ಗದ್ದೆಗಳ ನಡುವೆ ಅಲಸಂಡೆ, ಸೌತೆ ಹಾಕಿದ ಒದ್ದೆ ಗದ್ದೆಯೊಂದಿತ್ತು. ಅದರ ಕಟ್ಟಹುಣಿಯ ಮೇಲೆ ಯಾರೋ ಎತ್ತಿ ಸಾಲಾಗಿ ಇಟ್ಟ ಹಕ್ಕಿಗಳು. ಎರಡು ಬೆಳ್ಳಕ್ಕಿ, ಕೆಲವು ಮೈನಾ. ಉಳಿದವೆಲ್ಲ ಹೊನ್ನಗೊರವ. ಮಳೆಗಾಲ ಮುಗಿದಾಗಿನಿಂದ ನಾನು ವಾರಕ್ಕೊಮ್ಮೆಯಾದರೂ ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದ ಹಿಂಡು. ಒಂದು ನಿಮಿಷ ನನಗೆ ಕೈಗವಸು ಹಾಕಿಕೊಳ್ಳಲು ಆಗಲಿಲ್ಲ.

"ಸೈಬೀರಿಯಾದಿಂದ ಜ್ವರ ತರುವುದು ಇವೇ ಅಂತೆ," ಎಂದು ಕೋವಿ ಹಿಡಿದವರು ಹೇಳಿದರು. "ಆಚೆ ಗದ್ದೆಯಲ್ಲಿ ಇನ್ನೂ ಉಂಟು. ಎಲ್ಲವನ್ನೂ ತೆಗೆಯುವ."

ಮೋನಾಕ ನನ್ನ ಹತ್ತಿರ ಬಂದರು. ಮುಖ ಬೆವರಿತ್ತು. "ಡಾಕ್ಟ್ರಕ್ಕ, ನನ್ನ ಫಾರ್ಮು ಇಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಜ್ವರ ಅಂತ ಆದರೆ ನನ್ನ ಕೋಳಿ ಎಲ್ಲ ಗುಂಡಿಗೆ. ಅವರು ಹೊಡೆಯಲಿ ಬಿಡಿ."

"ಹೊಡೆದರೆ ಹಾರಿ ಹತ್ತು ಊರಿಗೆ ಹೋಗುತ್ತವೆ ಮೋನಾಕ. ಜ್ವರವೇ ಆಗಿದ್ದರೆ ಹತ್ತು ಊರಿಗೆ ಕೊಟ್ಟ ಹಾಗಾಯಿತು. ಮೊದಲು ನನಗೆ ನೋಡಲು ಬಿಡಿ. ಯಾರೂ ಗದ್ದೆಗೆ ಇಳಿಯಬಾರದು."

ಜ್ವರ ಅಲ್ಲ ಎಂದು ನಾನು ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ. ಮಾಸ್ಕ್, ಗವಸು, ಬೂಟು ಹಾಕಿ ಸತ್ತ ಹಕ್ಕಿಗಳನ್ನು ಕೊಯ್ಯದೆ, ನಿಯಮದಂತೆ ಚೀಲಕ್ಕೆ ಹಾಕಿ ಐಸಿನಲ್ಲಿಟ್ಟೆ. ಆಗ ಅಲಸಂಡೆ ಸಾಲಿನ ನಡುವೆ ಒಂದು ಗೊರವ ಅಲುಗಾಡುವುದು ಕಂಡಿತು. ಹತ್ತಿರ ಹೋದೆ. ಬಾಯಿಂದ ನೊರೆಯಂಥ ಜೊಲ್ಲು, ಮೈಯೆಲ್ಲ ನಡುಕ, ಕಾಲ ಬೆರಳುಗಳು ಮುಷ್ಟಿಯ ಹಾಗೆ ಮಡಚಿಕೊಂಡಿದ್ದವು. ಅದನ್ನು ಎತ್ತಲು ಬಗ್ಗಿದಾಗ ನೆಲ ಕಂಡಿತು. ಒದ್ದೆ ಮಣ್ಣಿನ ಮೇಲೆ ಎಲ್ಲಿ ನೋಡಿದರೂ ಎರೆಹುಳಗಳು. ಮೇಲೆ ಬಂದು ಸತ್ತಿದ್ದವು. ಒಂದು ಏಡಿಯೂ ಮಗುಚಿ ಬಿದ್ದಿತ್ತು.

ಎದ್ದು ನಿಂತು ಜೋರಾಗಿ ಕೇಳಿದೆ: "ಈ ಗದ್ದೆಗೆ ನಿನ್ನೆ ಎಂತ ಹಾಕಿದ್ದು?"

ಸತ್ತ ಎರೆಹುಳವೊಂದನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ನೋಡಿ, ಹಕ್ಕಿಜ್ವರ ಎರೆಹುಳಕ್ಕೆ ಬರುವುದಿಲ್ಲ. ಏಡಿಗೂ ಬರುವುದಿಲ್ಲ. ಇಲ್ಲಿ ಹುಳ ಸತ್ತಿದೆ, ಆ ಹುಳ ತಿಂದ ಹಕ್ಕಿ ಸತ್ತಿದೆ. ಇದು ಯಾರ ಗದ್ದೆ?"

ಅಷ್ಟರಲ್ಲಿ ಫೋನ್. ಮೇಲಿನ ಅಧಿಕಾರಿಗಳೊಬ್ಬರು. ಅವರಿಗೆ ಆಗಲೇ ಫೋಟೋ ಹೋಗಿತ್ತು. "ಹಕ್ಕಿಜ್ವರ ಶಂಕೆ ಅಂತ ಬರೆದು ಸ್ಯಾಂಪಲ್ ಕಳಿಸಿ ಮೇಡಮ್. ಉಳಿದದ್ದು ರಿಪೋರ್ಟ್ ಬಂದ ಮೇಲೆ ನೋಡುವ."

"ಸ್ಯಾಂಪಲ್ ಇವತ್ತೇ ಹೋಗುತ್ತದೆ ಸರ್, ಫಾರ್ಮಿಗೂ ನಿರ್ಬಂಧ ಹಾಕ್ತೇನೆ. ಆದರೆ ಎರೆಹುಳ ಸತ್ತಿದೆ ಅಂತಲೂ ಬರೆಯುತ್ತೇನೆ. ವಿಷದ ಪರೀಕ್ಷೆಗೂ ಕಳಿಸುತ್ತೇನೆ."

"ಎರಡೆರಡು ಯಾಕೆ ಮೇಡಮ್? ನಿವೃತ್ತಿ ಹತ್ತಿರ ಉಂಟು ನಿಮಗೆ."

"ಅದಕ್ಕೇ ಸರ್. ಅರ್ಧ ಕೆಲಸ ಬಿಟ್ಟು ಹೋದರೆ ಮುಗಿಸಲು ನಾನು ಇರುವುದಿಲ್ಲ."

ಅವರು ಒಳ್ಳೆಯವರೇ. "ಆಯ್ತು, ಎರಡೂ ಕಳಿಸಿ," ಎಂದರು.

ಫೋನಿಡುವಾಗ ಮೋನಾಕ ತಗ್ಗಿದ ಧ್ವನಿಯಲ್ಲಿ ಹೇಳಿದರು: "ಗದ್ದೆ ಕುಶಾಲನದು. ಗೇಣಿಗೆ ತೆಗೆದುಕೊಂಡು ತರಕಾರಿ ಮಾಡುತ್ತಾನೆ. ಬೆಳಗ್ಗೆ ಹಕ್ಕಿ ಎತ್ತಿ ಇಟ್ಟದ್ದೂ ಅವನೇ. ಈಗ ಮನೆಯಲ್ಲಿ ವಾಂತಿ ಮಾಡಿಕೊಂಡು ಮಲಗಿದ್ದಾನೆ. ಹಕ್ಕಿ ಮುಟ್ಟಿ ಜ್ವರ ಹಿಡಿಯಿತು ಅಂತ ಆಚೆ ಯಾರೂ ಹೋಗುತ್ತಾ ಇಲ್ಲ."

ನನ್ನ ಕೈಯಲ್ಲಿ ಆ ಗೊರವ ನಡುಗುತ್ತಲೇ ಇತ್ತು.

"ಮನೆ ಎಲ್ಲಿ?" ಎಂದೆ.

ಗೊರವಕ್ಕೆ ಒಂದು ಚುಚ್ಚಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆ. ಗುಡ್ಡದ ಬದಿಯಲ್ಲಿ ಸಣ್ಣ ಹಂಚಿನ ಮನೆ. ಕುಶಾಲನ ಹೆಂಡತಿ ಯಶೋದಾ ಅಂಗಳದಲ್ಲಿ ನಿಂತು ಯಾರು ಯಾರಿಗೋ ಫೋನ್ ಮಾಡುತ್ತಿದ್ದಳು. ರಿಕ್ಷಾದವನು ಬರುವುದಿಲ್ಲ ಎಂದಿದ್ದ. ಚಾವಡಿಯಲ್ಲಿ ಮಲಗಿದ್ದ ಕುಶಾಲನ ಬಾಯಿಯ ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಅಂಗಿ ಬೆವರಿಗೆ ಒದ್ದೆ. ತೋಳಿನ ಮಾಂಸ ತಾನಾಗಿ ಪಟಪಟ ಹಾರುತ್ತಿತ್ತು. ನಾನು ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು. ವಿಷ ತಿಂದ ನಾಯಿಗಳಲ್ಲಿ, ದನಗಳಲ್ಲಿ ನಾನು ನೋಡಿದ ಕಣ್ಣು.

"ಯಶೋದಾ, ನಿನ್ನೆ ಗದ್ದೆಗೆ ಹುಳ ಕೊಲ್ಲುವ ವಿಷದ ಹರಳು ಹಾಕಿದ್ದಾ?"

"ಹೌದಕ್ಕ. ಬೇರುಹುಳಕ್ಕೆ. ಸಂಜೆ."

"ಕೈಯಲ್ಲಾ?"

"ಕೈಯಲ್ಲೇ. ಬುಟ್ಟಿಯಲ್ಲಿ ಮರಳಿಗೆ ಕಲಸಿ ಎರಚಿದ್ದು. ಮೈ ತೊಳೆಯಲೂ ಇಲ್ಲ, ಸುಸ್ತು ಅಂತ ಹಾಗೇ ಮಲಗಿದರು. ಬೆಳಗ್ಗೆ ಮತ್ತೆ ಗದ್ದೆಗೆ ಹೋದರು."

"ಇದು ಹಕ್ಕಿಜ್ವರ ಅಲ್ಲ. ಆ ಹಕ್ಕಿಗಳಿಗೆ ಆದದ್ದೇ ಇವನಿಗೂ ಆಗಿದೆ. ಅಂಗಿ ತೆಗಿ. ಸೋಪು ತಾ, ನೀರು ತಾ. ನೀನು ಬರಿಗೈಯಲ್ಲಿ ಮುಟ್ಟಬೇಡ, ಈ ಗವಸು ಹಾಕು. ಆ ಹರಳಿನ ಪ್ಯಾಕೆಟ್ ಹುಡುಕು."

ಯಶೋದಾ ನನ್ನ ಚೀಲ ನೋಡಿದಳು. "ಅಕ್ಕ, ನಿಮ್ಮ ಹತ್ತಿರ ಇಂಜೆಕ್ಷನ್ ಇಲ್ಲವಾ? ಒಂದು ಕೊಡಿ. ನಿಮ್ಮ ಕಾಲಿಗೆ ಬೀಳುತ್ತೇನೆ."

ಹೊಸದಾಗಿ ಸೇರಿದವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಆ ವಿಷಕ್ಕೆ ಕೊಡುವ ಮದ್ದು ನನ್ನ ಚೀಲದಲ್ಲಿ ಇತ್ತು. ಅದೇ ಮದ್ದನ್ನು ಸ್ವಲ್ಪ ಹೊತ್ತಿನ ಮುಂಚೆ ಆ ಗೊರವಕ್ಕೆ ಒಂದು ಹನಿ ಚುಚ್ಚಿದ್ದೆ. ದನಕ್ಕೆ ಎಷ್ಟು, ನಾಯಿಗೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಮನುಷ್ಯನಿಗೆ ಎಷ್ಟು, ಅವನ ಎದೆ ಅದನ್ನು ಹೇಗೆ ತಾಳುತ್ತದೆ ಎಂದು ನನಗೆ ಗೊತ್ತಿಲ್ಲ. ಹಳ್ಳಿಯಲ್ಲಿ ನಿಮ್ಮನ್ನೂ ಡಾಕ್ಟ್ರು ಎನ್ನುತ್ತಾರೆ, ಒಂದಲ್ಲ ಒಂದು ದಿನ ನಿಮ್ಮ ಚೀಲ ನೋಡಿ ಇದೇ ಮಾತು ಕೇಳುತ್ತಾರೆ. ಆಗ ಇಲ್ಲ ಎನ್ನಲು ಬೇಕಾದ ಗಟ್ಟಿತನವನ್ನು ಈಗಲೇ ಗಳಿಸಿಟ್ಟುಕೊಳ್ಳಿ.

"ಚುಚ್ಚುವುದಿಲ್ಲ ಯಶೋದಾ. ನಾನು ಕೊಟ್ಟು ಹೆಚ್ಚುಕಡಿಮೆಯಾದರೆ ಆಸ್ಪತ್ರೆಯವರಿಗೂ ಉಳಿಸಲು ಆಗುವುದಿಲ್ಲ. ನಾನು ಜೊತೆಗೆ ಬರುತ್ತೇನೆ. ನೀರು ಹೊಯ್ಯಿ."

ತೊಳೆದೆವು. ಒಣಗಿದ ಬಟ್ಟೆ ಸುತ್ತಿದೆವು. ಇನ್ನು ಗಾಡಿ. ಗೇಟಿನ ಹೊರಗೆ ಗುಂಪು ನಿಂತಿತ್ತು, ಒಬ್ಬರೂ ಒಳಗೆ ಬರಲಿಲ್ಲ. ನಾನು ಮೋನಾಕನನ್ನು ನೋಡಿದೆ. ಕೋಳಿ ಸಾಗಿಸುವ ಅವರ ಪಿಕಪ್ ರಸ್ತೆಯಲ್ಲಿ ನಿಂತಿತ್ತು.

"ಮೋನಾಕ, ನಾನು ಗವಸಿಲ್ಲದೆ ಇವನ ಕೈ ಹಿಡಿದುಕೊಳ್ಳುತ್ತೇನೆ, ನೋಡಿ. ಈಗ ತೊಳೆದಾಗಿದೆ. ಇದು ಅಂಟುವ ಜ್ವರ ಅಲ್ಲ."

ಮೋನಾಕ ಕುಶಾಲನ ಮುಖ ನೋಡಿದರು, ತನ್ನ ಫಾರ್ಮಿನ ದಿಕ್ಕಿಗೆ ನೋಡಿದರು. ಜ್ವರವೇ ಆಗಿದ್ದರೆ, ಆ ಗಾಡಿ ಮತ್ತೆ ಅವರ ಕೋಳಿ ಶೆಡ್ಡಿಗೆ ಹೋಗುವ ಹಾಗಿರಲಿಲ್ಲ.

"ಅಲ್ಲ ಅಂತ ನೂರಕ್ಕೆ ನೂರು ಹೇಳ್ತೀರಾ ಡಾಕ್ಟ್ರಕ್ಕ?"

"ಕುಶಾಲನ ಬಗ್ಗೆ ಹೇಳ್ತೇನೆ. ಹಕ್ಕಿಗಳ ಬಗ್ಗೆ ರಿಪೋರ್ಟ್ ಬರಬೇಕು."

ಅವರು ಲುಂಗಿ ಎತ್ತಿ ಕಟ್ಟಿದರು. "ಎತ್ತುವ," ಎಂದರು. ತಲೆಯ ಕಡೆ ಅವರು, ಕಾಲಿನ ಕಡೆ ನಾನು, ನಡುವಿಗೆ ಯಶೋದಾ. ಕೋವಿ ಹಿಡಿದಿದ್ದವರು ಕೋವಿಯನ್ನು ಗೋಡೆಗೆ ಒರಗಿಸಿ ಬಂದು ಹಿಂದಿನ ಬಾಗಿಲು ತೆರೆದರು.

ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಪ್ಯಾಕೆಟಿನ ಮೇಲಿದ್ದ ವಿಷದ ಹೆಸರು ಓದಿ ಹೇಳಿದೆ. ಮೂಡುಬಿದಿರೆಯಲ್ಲಿ ಬಾಗಿಲಲ್ಲೇ ಸ್ಟ್ರೆಚರ್ ಇತ್ತು. ಅಲ್ಲಿಯ ಡಾಕ್ಟರು ಕಣ್ಣು ನೋಡಿ, ಪ್ಯಾಕೆಟ್ ನೋಡಿ, ಮತ್ತೆ ಒಂದೂ ಪ್ರಶ್ನೆ ಕೇಳದೆ ಒಳಗೆ ಒಯ್ದರು. ಮದ್ದು ಶುರು ಮಾಡಿ, ಉಸಿರಿಗೆ ನಳಿಗೆ ಹಾಕಿ, ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದರು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತೆಂದು ಅವರು ಆಮೇಲೆ ನನಗೆ ಹೇಳಿದರು. ಯಶೋದಾಳಿಗೆ ನಾನು ಅದನ್ನು ಈವರೆಗೆ ಹೇಳಿಲ್ಲ.

ಆಂಬುಲೆನ್ಸ್ ಹೋದ ಮೇಲೆ ಮೋನಾಕ, ನಾನು ಆಸ್ಪತ್ರೆಯ ಎದುರಿನ ಕಟ್ಟೆಯಲ್ಲಿ ಚಹಾ ಹಿಡಿದು ಕುಳಿತೆವು. ಪಿಕಪ್ಪಿನ ಸೀಟಿನಲ್ಲಿ ರಟ್ಟಿನ ಪೆಟ್ಟಿಗೆ. ಅದರೊಳಗೆ ಗೊರವ. ಮೋನಾಕ ಬಗ್ಗಿ ಪೆಟ್ಟಿಗೆಯ ತೂತಿನಿಂದ ನೋಡಿದರು.

"ಇದನ್ನು ನಾನು ದುಬೈಯಲ್ಲಿ ನೋಡಿದ್ದೇನೆ ಡಾಕ್ಟ್ರಕ್ಕ. ದೊಡ್ಡವರ ಆಟದ ಹುಲ್ಲುಗಾವಲಿಗೆ ನೀರು ಬಿಡುವುದು ನನ್ನ ಕೆಲಸ. ನೀರು ಬಿಟ್ಟ ಕೂಡಲೇ ಇವು ಓಡಿ ಬರುತ್ತಿದ್ದವು. ಚಳಿ ಮುಗಿದರೆ ಕಾಣುವುದಿಲ್ಲ. ಇವು ಊರಿಗೆ ಹೋದವು, ನನಗೆ ಯಾವಾಗ ರಜೆ ಅಂತ ನಾನು ಎಣಿಸುತ್ತಿದ್ದೆ." ಚಹಾ ಮುಗಿಸಿ ಗ್ಲಾಸು ಇಟ್ಟರು. "ಬೆಳಗ್ಗೆ ನಾನೇ ಹೊಡೆಯಲಿ ಅಂದೆ, ಅಲ್ಲವಾ?"

"ಹೆದರಿದವರು ಹಾಗೆ ಹೇಳುತ್ತಾರೆ ಮೋನಾಕ."

ರಿಪೋರ್ಟ್ ಬರುವವರೆಗಿನ ದಿನಗಳು ಅವರಿಗೆ ಸುಲಭವಿರಲಿಲ್ಲ. ಫಾರ್ಮಿನ ಬಾಗಿಲಿಗೆ ನನ್ನದೇ ಸಹಿ ಇರುವ ಚೀಟಿ ಅಂಟಿತ್ತು. ಒಂದು ಕೋಳಿಯೂ ಹೊರಗೆ ಹೋಗಲಿಲ್ಲ, ತಿನ್ನುವುದು ಮಾತ್ರ ನಿಲ್ಲಿಸಲಿಲ್ಲ. ಒಂದು ದಿನ ಅವರು ನನ್ನ ಮೇಲೆ ರೇಗಿದರು ಕೂಡ. ನಾನು ಚೀಟಿ ತೆಗೆಯಲಿಲ್ಲ. ಕೊನೆಗೆ ಉತ್ತರ ಬಂತು: ಹಕ್ಕಿಜ್ವರ ಇಲ್ಲ. ಆಮೇಲೆ ಇನ್ನೊಂದು ಪ್ರಯೋಗಾಲಯದಿಂದ ಇನ್ನೊಂದು: ಹಕ್ಕಿಗಳ ಹೊಟ್ಟೆಯಲ್ಲಿ ಅದೇ ಹರಳಿನ ವಿಷ. ಎರಡನ್ನೂ ನಾನು ಪಂಚಾಯತಿನಲ್ಲಿ ನಿಂತು ಓದಿದೆ. ಕುಶಾಲ ಆಗ ಮನೆಗೆ ಬಂದಿದ್ದ. ಬಿದಿರಿನ ಕೋಲಿನ ಹಾಗೆ ತೆಳ್ಳಗಾಗಿ, ಕಂಬಕ್ಕೆ ಒರಗಿ ಕುಳಿತು ಕೇಳಿದ.

ಗೊರವ ಬದುಕಿತು. ನಮ್ಮ ಮನೆಯ ಸ್ನಾನದ ಕೋಣೆಯಲ್ಲಿ ಒದ್ದೆ ಮರಳು ಹರಡಿ ಇಟ್ಟುಕೊಂಡಿದ್ದೆ. ನಡುಕ ನಿಂತಿತು, ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಬಲಗಾಲಿನ ಒಂದು ಬೆರಳು ಮಾತ್ರ ಮಡಚಿಯೇ ಉಳಿಯಿತು. ಹಾಗಾಗಿ ಓಡುವಾಗ ಸ್ವಲ್ಪ ಕುಂಟು. ಬಿಡುವ ದಿನ ಕುಶಾಲನೇ ಪೆಟ್ಟಿಗೆ ಹಿಡಿದುಕೊಂಡ. ವಿಷ ಹಾಕಿದ ಗದ್ದೆಗೆ ಬಲೆ ಕಟ್ಟಿ ಆಗಿತ್ತು. ದೂರದ ಕೊಯ್ದ ಗದ್ದೆಯಲ್ಲಿ ಉಳಿದ ಹಿಂಡಿತ್ತು, ಅಲ್ಲಿಗೆ ಬಿಟ್ಟೆವು.

ಕುಶಾಲ ವಿಷವನ್ನೆಲ್ಲ ಬಿಟ್ಟು ಸಂತನಾದ ಎಂದು ಬರೆದರೆ ಸುಳ್ಳಾಗುತ್ತದೆ. ಗೇಣಿ ಕೊಡಬೇಕಾದವನು ಅವನು. ಹರಳು ಬಿಟ್ಟ, ಮೋನಾಕನ ಕೋಳಿಗೊಬ್ಬರ, ಬೇವಿನ ಹಿಂಡಿ ಹಾಕತೊಡಗಿದ. ತಡೆಯಲಾಗದಾಗ ಏನಾದರೂ ಸಿಂಪಡಿಸುತ್ತಾನೆ, ಗವಸು ಹಾಕಿ, ಹಕ್ಕಿ ಇಳಿಯದ ಹಾಗೆ ಬಲೆ ಕಟ್ಟಿ. ಅಷ್ಟಕ್ಕೆ ನನಗೆ ಸಮಾಧಾನ ಉಂಟು.

ಆ ಬೇಸಿಗೆಯಲ್ಲಿ ಅವನಿಗೆ ಭಾರದ ಕೆಲಸ ಮಾಡಬಾರದೆಂದು ಹೇಳಿದ್ದರು. ಕಟ್ಟಹುಣಿಯ ಮೇಲೆ ಕುಳಿತು ಹಕ್ಕಿ ನೋಡುವುದು ಅವನ ದಿನಚರಿಯಾಯಿತು. ಮಾರ್ಚ್ ಕೊನೆಗೆ ಫೋನ್ ಮಾಡಿದ: "ಡಾಕ್ಟ್ರಕ್ಕ, ಹಕ್ಕಿಗಳ ಹೊಟ್ಟೆಗೆ ಮಸಿ ಹಿಡ್ದಿದೆ. ಮತ್ತೆ ರೋಗವಾ?" ನಾನು ನಕ್ಕು ಅದು ಊರಿಗೆ ಹೊರಡುವ ಉಡುಪು ಎಂದೆ. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಹಿಂಡು ಕೂಗುತ್ತಾ ಮೇಲೆದ್ದು ಬಡಗಣಕ್ಕೆ ಹೋಯಿತು. ಕುಂಟುಗಾಲಿನದು ಹೋಗಲಿಲ್ಲ. ಅದರ ಕಪ್ಪು ಇನ್ನೂ ಅರ್ಧವೇ ಆಗಿತ್ತು. ಒಂದೇ ಒಂದು, ಖಾಲಿ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹುಳ ಹೆಕ್ಕುತ್ತಿತ್ತು.

"ಇದಕ್ಕೆ ಇನ್ನು ಆಗುವುದಿಲ್ಲವಾ ಅಕ್ಕ?" ಎಂದು ಕುಶಾಲ ಕೇಳಿದ.

"ಗೊತ್ತಿಲ್ಲ. ಮೈ ತುಂಬಿಸಿಕೊಳ್ಳುತ್ತಾ ಉಂಟು. ಹೋಗುವ ಮನಸ್ಸಿಲ್ಲದಿದ್ದರೆ ಅಷ್ಟು ತಿನ್ನುವುದಿಲ್ಲ."

ಮೇ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಗದ್ದೆಯಲ್ಲಿ ಅದು ಇರಲಿಲ್ಲ. ನಾಯಿಯೋ ಗಿಡುಗವೋ ಹಿಡಿದಿದ್ದರೆ ಗರಿಯಾದರೂ ಸಿಗುತ್ತದೆಂದು ಕುಶಾಲ ಬೈಲಿಡೀ ಹುಡುಕಿದ. ಒಂದು ಗರಿಯೂ ಸಿಗಲಿಲ್ಲ. ಆ ತಿಂಗಳ ಕೊನೆಗೆ ನಾನೂ ಆಸ್ಪತ್ರೆಯ ಬೀಗದ ಕೈ ಒಪ್ಪಿಸಿ ಮನೆಗೆ ಬಂದೆ.

ನವೆಂಬರಿನಲ್ಲಿ ಕೊಯ್ಲು ಮುಗಿದ ಮೇಲೆ ಕುಶಾಲ ಕರೆದ. ಮೋನಾಕನೂ ಬಂದಿದ್ದರು. ಗದ್ದೆಯಲ್ಲಿ ಹೊನ್ನಗೊರವಗಳ ಸಣ್ಣ ಗುಂಪು ಓಡುತ್ತಿತ್ತು, ನಿಲ್ಲುತ್ತಿತ್ತು. ಕುಶಾಲ ಒಂದೊಂದರ ಕಾಲನ್ನೂ ನೋಡಿ ಮುಗಿಸಿದ್ದ.

"ನಮ್ಮದು ಬರಲಿಲ್ಲ ಡಾಕ್ಟ್ರಕ್ಕ."

ನಾನು ಬೈನಾಕ್ಯುಲರಿನಲ್ಲಿ ನೋಡಿದೆ. ಅವುಗಳ ಬೆನ್ನು ಪೂರ್ತಿ ಹಳದಿ ಚುಕ್ಕಿ. "ಇಲ್ಲ. ಇವು ಈ ವರ್ಷದ ಮರಿಗಳು. ಇದೇ ಮೊದಲ ಸಲ ಬರುವುದು."

"ಮೊದಲ ಸಲವಾ? ಹಾಗಾದರೆ ದಾರಿ ಯಾರು ಹೇಳಿದ್ದು?"

"ಯಾರೂ ಇಲ್ಲ."

ಅಷ್ಟರಲ್ಲಿ ಉಳಲು ಹೇಳಿದ್ದ ಟಿಲ್ಲರಿನವನು ಗಡಗಡ ಸದ್ದು ಮಾಡುತ್ತಾ ಗದ್ದೆಗೆ ಇಳಿದ. ಹಕ್ಕಿಗಳು ತಲೆಯೆತ್ತಿ ನಿಂತವು. ಕುಶಾಲ ಎದ್ದು, ಎರಡೂ ಕೈ ಬೀಸುತ್ತಾ ಅವನ ಕಡೆಗೆ ಓಡಿದ.

"ನಿಲ್ಲು, ನಿಲ್ಲು! ಆಚೆ ಬದಿಯಿಂದ ಶುರು ಮಾಡು ಮಾರಾಯ. ಇಲ್ಲಿ ಮಕ್ಕಳು ಊಟ ಮಾಡ್ತಾ ಉಂಟು."